ಕೋಟೆ ಪೇಟೆಗಳ ನಡುವಣ ಹೊಸ್ತಿಲು: ಮೈಸೂರಿನ ಅರಮನೆ ಚೌಕದ ಇತಿಹಾಸ ಮತ್ತು ವಾಸ್ತು

ನಗರವೊಂದರ ಚರಿತ್ರೆಯನ್ನು ಅದರ ಅರಮನೆ, ದೇವಾಲಯ ಮತ್ತು ಕೋಟೆಗಳ ಮೂಲಕ ನಿರೂಪಿಸುವ ಪರಿಪಾಠ ಕನ್ನಡ ಸಂಶೋಧನೆಯಲ್ಲಿ ಬಲವಾಗಿ ಬೇರೂರಿದೆ. ಕಟ್ಟಡಕ್ಕೆ ಕಟ್ಟಿಸಿದವರ ಹೆಸರಿದೆ, ಶಂಕುಸ್ಥಾಪನೆಯ ದಿನಾಂಕವಿದೆ, ಖರ್ಚಿನ ಲೆಕ್ಕವಿದೆ. ಕಟ್ಟಡಗಳ ನಡುವೆ ಉಳಿಯುವ ಬಯಲಿಗೆ ಇವಾವುವೂ ಇಲ್ಲ. ಬಯಲನ್ನು ಯಾರೂ ಕಟ್ಟಿಸುವುದಿಲ್ಲ, ಅದು ಸುತ್ತಲಿನ ಕಟ್ಟಡಗಳಿಂದ ಮೆಲ್ಲನೆ ರೂಪುಗೊಳ್ಳುತ್ತದೆ. ಈ ಕಾರಣದಿಂದಲೇ ನಗರದ ಚೌಕಗಳು ಪ್ರವಾಸಿ ಕೈಪಿಡಿಗಳಲ್ಲಿ ಕಾಣಿಸಿಕೊಂಡಷ್ಟು ಇತಿಹಾಸ ಗ್ರಂಥಗಳಲ್ಲಿ ಕಾಣಿಸಿಕೊಂಡಿಲ್ಲ. ಮೈಸೂರಿನ ಅರಮನೆಯ ಉತ್ತರ ದಿಕ್ಕಿನ ಚೌಕ ಇದಕ್ಕೆ ಅತ್ಯುತ್ತಮ ನಿದರ್ಶನ. ವರ್ಷಕ್ಕೊಮ್ಮೆ ವಿಜಯದಶಮಿಯಂದು ಇಡೀ ನಾಡಿನ ಕಣ್ಣು ಈ ಜಾಗದ ಮೇಲಿರುತ್ತದೆ. ಆದರೆ ನೋಟವೆಲ್ಲ ಆನೆಯ ಮೇಲೂ ಅರಮನೆಯ ಮೇಲೂ ನೆಟ್ಟಿರುವುದರಿಂದ, ಆನೆ ನಡೆಯುವ ನೆಲ ಹೇಗೆ ರೂಪುಗೊಂಡಿತೆಂಬ ಪ್ರಶ್ನೆ ಹಿಂದೆ ಸರಿಯುತ್ತದೆ.

ಇಲ್ಲಿ ‘ಅರಮನೆ ಚೌಕ’ವೆಂದು ಕರೆಯಲಾಗುತ್ತಿರುವುದು ಒಂದೇ ಒಂದು ಚಚ್ಚೌಕದ ಬಯಲನ್ನಲ್ಲ. ಅರಮನೆಯ ಉತ್ತರ ದ್ವಾರದ ಎದುರಿನ ಚಾಮರಾಜ ವೃತ್ತ, ಅದರ ಮಗ್ಗುಲಿನ ದೊಡ್ಡ ಗಡಿಯಾರ ಮತ್ತು ರಂಗಾಚಾರ್ಲು ಪುರಭವನ, ಪಶ್ಚಿಮಕ್ಕೆ ಕೃಷ್ಣರಾಜ ವೃತ್ತ, ಅಲ್ಲಿಂದಾಚೆಗೆ ಲ್ಯಾನ್ಸ್‌ಡೌನ್ ಕಟ್ಟಡ, ದೇವರಾಜ ಮಾರುಕಟ್ಟೆಯ ದಕ್ಷಿಣದ ಬಾಗಿಲಲ್ಲಿರುವ ಚಿಕ್ಕ ಗಡಿಯಾರ, ಇವೆಲ್ಲವೂ ಸೇರಿ ಆಗಿರುವ ಬಯಲುಗಳ ಸರಪಳಿ ಅದು. ಸರಪಳಿಯ ಕೊಂಡಿಗಳನ್ನು ಒಂದೊಂದಾಗಿ ವರ್ಣಿಸಿದ ಬರಹಗಳಿಗೆ ಕೊರತೆಯಿಲ್ಲ. ಅವು ಪರಸ್ಪರ ಹೇಗೆ ಹೆಣೆದುಕೊಂಡಿವೆ ಎಂಬುದರ ವಿವೇಚನೆ ಮಾತ್ರ ಸಾಕಷ್ಟು ನಡೆದಿಲ್ಲ.

1. ನೆಲೆ ಮತ್ತು ದಿಕ್ಕು

ಚೌಕದ ಸ್ವರೂಪವನ್ನು ಅರಿಯಲು ಮೊದಲು ಗಮನಿಸಬೇಕಾದ ಸಂಗತಿಯೆಂದರೆ ಅರಮನೆ ಅದಕ್ಕೆ ಎದುರಾಗಿಲ್ಲ. ಮೈಸೂರು ಅರಮನೆ ಪೂರ್ವಾಭಿಮುಖವಾದುದು. ಅದರ ವಿಶಾಲವಾದ ಮುಂಭಾಗ, ಕಮಾನುಗಳ ಸಾಲು, ನೂರಾರು ಜನ ಕುಳಿತು ಅಂಗಳವನ್ನು ನೋಡಬಹುದಾದ ಮೊಗಸಾಲೆ, ಎಲ್ಲವೂ ಮೂಡಣ ದಿಕ್ಕಿನ ಜಯಮಾರ್ತಾಂಡ ದ್ವಾರದ ಕಡೆಗೆ ತೆರೆದುಕೊಂಡಿವೆ. ನಗರದ ಪ್ರಧಾನ ಚೌಕ ಬೆಳೆದಿರುವುದಾದರೋ ಅರಮನೆಯ ಪಕ್ಕಕ್ಕೆ, ಉತ್ತರದ ಬಲರಾಮ ದ್ವಾರದ ಹೊರಗೆ. ಅರಸನ ಸಭಾಂಗಣದ ಮುಂದಿನ ಅಂಗಳ ಕೋಟೆಯ ಗೋಡೆಯ ಒಳಗಡೆಯೇ ಇದೆ. ಗೋಡೆಯ ಹೊರಗಿರುವುದು ಅರಮನೆಯ ಅಂಗಳವಲ್ಲ, ಅದು ಪೇಟೆಯ ಅಂಚು.

ಈ ವಿನ್ಯಾಸಕ್ಕೆ ಚಾರಿತ್ರಿಕ ಕಾರಣವಿದೆ. 1799ರಲ್ಲಿ ಶ್ರೀರಂಗಪಟ್ಟಣದ ಪತನಾನಂತರ ರಾಜಧಾನಿ ಮೈಸೂರಿಗೆ ಮರಳಿತು. ಬಾಲಕರಾಗಿದ್ದ ಮುಮ್ಮಡಿ ಕೃಷ್ಣರಾಜ ಒಡೆಯರ ಹೆಸರಿನಲ್ಲಿ ದಿವಾನ್ ಪೂರ್ಣಯ್ಯನವರು 1811ರವರೆಗೆ ಆಡಳಿತ ನಡೆಸಿದರು. ಕೋಟೆಯೊಳಗೆ ಮರದ ಅರಮನೆ ಎದ್ದಿತು. ತ್ರಿನೇಶ್ವರ, ಲಕ್ಷ್ಮೀರಮಣ ಮೊದಲಾದ ದೇವಾಲಯಗಳೂ, ಅರಮನೆಯನ್ನು ಆಶ್ರಯಿಸಿದ ಕುಟುಂಬಗಳ ಮನೆಗಳೂ ಕೋಟೆಯ ಒಳಗಡೆಯೇ ಇದ್ದವು. ಹೊರಗೆ ಪೇಟೆ ಬೆಳೆಯಿತು. ಕೋಟೆ, ಪೇಟೆ ಎಂಬ ಈ ಇಬ್ಭಾಗ ಬೆಂಗಳೂರಿನಲ್ಲಿಯೂ ಇದ್ದಿತೆಂಬುದು ಸುವಿದಿತ. ಇವೆರಡರ ನಡುವೆ ಗೋಡೆ, ಕಂದಕ ಮತ್ತು ಬಾಗಿಲು ಇರುತ್ತಿದ್ದವು. ಬಾಗಿಲ ಬಳಿ ಕಾವಲಿನ ದೈವವಾಗಿ ಆಂಜನೇಯ ನಿಲ್ಲುವುದು ಕನ್ನಡ ನಾಡಿನ ಕೋಟೆಗಳ ವಾಡಿಕೆ. ಮೈಸೂರಿನ ಉತ್ತರ ದ್ವಾರದಲ್ಲಿ ಇಂದಿಗೂ ಪೂಜೆಗೊಳ್ಳುತ್ತಿರುವ ಕೋಟೆ ಆಂಜನೇಯಸ್ವಾಮಿಯ ಗುಡಿ ಆ ಗಡಿರೇಖೆಯ ಜೀವಂತ ಸಾಕ್ಷಿಯಾಗಿದೆ.

ಗಡಿಯಾಗಿದ್ದ ಜಾಗ ಚೌಕವಾಗಿ ಪರಿವರ್ತನೆಗೊಂಡದ್ದು 19ನೆಯ ಶತಮಾನದ ಕೊನೆಯ ಎರಡು ದಶಕಗಳಲ್ಲಿ. ಕಾವೇರಿಯ ನೀರನ್ನು ಮೈಸೂರಿಗೆ ತರುವ ಉದ್ದೇಶದಿಂದ ಪೂರ್ಣಯ್ಯನವರು ತೋಡಿಸಿದ್ದ ನಾಲೆ ಫಲ ಕೊಡದೆ ಊರಿನ ನಡುವೆ ಹಳ್ಳವಾಗಿ ಉಳಿದಿತ್ತು. ಅದರ ಬಹುಭಾಗವನ್ನು ಮುಚ್ಚಿ, ಅದರ ಮೇಲೆ ಅಗಲವಾದ ರಸ್ತೆಯನ್ನು ಹಾಯಿಸಿ, ಬರೋಡೆಯ ಸಯ್ಯಾಜಿ ರಾವ್ ಗಾಯಕವಾಡರ ಹೆಸರನ್ನು ಇಡಲಾಯಿತು. ಇಂದು ಜಂಬೂಸವಾರಿ ಸಾಗುವ ರಾಜಬೀದಿ ಹೀಗೆ ವಿಫಲವಾದ ನೀರಾವರಿ ಯೋಜನೆಯೊಂದರ ಮೇಲೆ ನಿಂತಿದೆ. ಇದನ್ನು ಕೇವಲ ಕುತೂಹಲದ ಸಂಗತಿಯೆಂದು ತಳ್ಳಿಹಾಕಲಾಗದು. ಚೌಕ ಯಾವುದೋ ಒಂದು ಶಾಸ್ತ್ರದ ಪ್ರಕಾರ ಒಂದೇ ಸಲಕ್ಕೆ ಗೆರೆ ಎಳೆದು ನಿರ್ಮಿಸಿದ್ದಲ್ಲವೆಂಬುದನ್ನೂ, ಹಳ್ಳ ಮುಚ್ಚಿ, ಗೋಡೆ ಸರಿಸಿ, ಮನೆಗಳನ್ನು ತೆರವುಗೊಳಿಸಿ ಹಂತಹಂತವಾಗಿ ಪಡೆದುಕೊಂಡದ್ದೆಂಬುದನ್ನೂ ಇದು ಸ್ಪಷ್ಟಪಡಿಸುತ್ತದೆ.

2. ಕಟ್ಟಡಗಳ ಅನುಕ್ರಮ

ಚೌಕದ ಸುತ್ತಲಿನ ಪ್ರಮುಖ ಕಟ್ಟಡಗಳನ್ನು ಕಾಲಾನುಕ್ರಮದಲ್ಲಿ ಇರಿಸಿ ನೋಡಿದಾಗ ಸ್ವಾರಸ್ಯಕರವಾದ ಅಂಶವೊಂದು ಗೋಚರಿಸುತ್ತದೆ. ಇಂದು ಕಾಣುವ ಅರಮನೆ ಆ ಪಟ್ಟಿಯಲ್ಲಿ ಮೊದಲನೆಯದಲ್ಲ. ಐವತ್ತು ವರ್ಷಗಳ ಕಮಿಷನರ್ ಆಡಳಿತ ಮುಗಿದು 1881ರಲ್ಲಿ ರಾಜ್ಯ ಒಡೆಯರ ವಶಕ್ಕೆ ಮರಳಿತು. ಅದೇ ವರ್ಷ ದಿವಾನ್ ಸಿ.ವಿ. ರಂಗಾಚಾರ್ಲು ಅವರು ಪ್ರಜಾಪ್ರತಿನಿಧಿ ಸಭೆಯನ್ನು ಆರಂಭಿಸಿದರು. 1883ರಲ್ಲಿ ಅವರು ನಿಧನರಾದರು. ಅವರ ಸ್ಮಾರಕವಾಗಿ ಪುರಭವನಕ್ಕೆ 1884ರಲ್ಲಿ ಚಾಮರಾಜೇಂದ್ರ ಒಡೆಯರು ಶಂಕುಸ್ಥಾಪನೆ ಮಾಡಿದರು. 1886ರಲ್ಲಿ ವೈಸ್‌ರಾಯ್ ಡಫರಿನ್ ಅವರ ಭೇಟಿಯ ನೆನಪಿಗೆ ಗಡಿಯಾರ ಗೋಪುರ, 1892ರಲ್ಲಿ ವೈಸ್‌ರಾಯ್ ಲ್ಯಾನ್ಸ್‌ಡೌನ್ ಅವರ ಭೇಟಿಯ ನೆನಪಿಗೆ ಅಂಗಡಿ ಸಾಲಿನ ಕಟ್ಟಡ ನಿರ್ಮಾಣಗೊಂಡವು. 1897ರ ಫೆಬ್ರವರಿಯಲ್ಲಿ ರಾಜಕುಮಾರಿ ಜಯಲಕ್ಷ್ಮಮ್ಮಣ್ಣಿಯವರ ವಿವಾಹದ ಸಂದರ್ಭದಲ್ಲಿ ಹಳೆಯ ಮರದ ಅರಮನೆ ಬೆಂಕಿಗೆ ಆಹುತಿಯಾಯಿತು. ವಾಣಿವಿಲಾಸ ಸನ್ನಿಧಾನದವರ ಕಾಲದಲ್ಲಿ ಹೆನ್ರಿ ಇರ್ವಿನ್ ಅವರ ವಿನ್ಯಾಸದಂತೆ ಹೊಸ ಅರಮನೆಯ ಕೆಲಸ ಆರಂಭವಾಗಿ 1912ರಲ್ಲಿ ಪೂರ್ಣಗೊಂಡಿತು. 1927ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯ ರಜತ ಮಹೋತ್ಸವಕ್ಕಾಗಿ 75 ಅಡಿ ಎತ್ತರದ ದೊಡ್ಡ ಗಡಿಯಾರ ಎದ್ದು ನಿಂತಿತು.

ಈ ಅನುಕ್ರಮದಲ್ಲಿ ಮೂರು ಬಗೆಯ ಅಧಿಕಾರಗಳು ತಮ್ಮ ಗುರುತನ್ನು ಬಿಟ್ಟಿವೆ: ಅರಸೊತ್ತಿಗೆ, ಸಾಮ್ರಾಜ್ಯ ಮತ್ತು ಇನ್ನೂ ಎಳೆಯದಾಗಿದ್ದ ನಾಗರಿಕ ಸಂಸ್ಥೆ. ಮೊದಲು ಬಂದದ್ದು ಮೂರನೆಯದು ಎಂಬುದು ಗಮನಾರ್ಹ. ಪುರಭವನ ಅರಸನ ಹೆಸರಿನದಲ್ಲ, ವೈಸ್‌ರಾಯನ ಹೆಸರಿನದೂ ಅಲ್ಲ. ರಾಜ್ಯದ ಆಗುಹೋಗುಗಳನ್ನು ಪ್ರಜೆಗಳ ಪ್ರತಿನಿಧಿಗಳ ಮುಂದಿರಿಸುವ ಪದ್ಧತಿಯನ್ನು ಆರಂಭಿಸಿದ ಒಬ್ಬ ಅಧಿಕಾರಿಯ ನೆನಪು ಅದು. ಅದರ ಮುಂಭಾಗದ ಕೊರಿಂಥಿಯನ್ ಕಂಬಗಳು ಗ್ರೀಕ್ ರೋಮನ್ ಪರಂಪರೆಯನ್ನು ನೆನಪಿಸುತ್ತವೆ. ಪೌರಸಭೆಗೆ ತಕ್ಕ ಮುಖ ಯಾವುದೆಂಬ ಪ್ರಶ್ನೆಗೆ ಆ ಕಾಲ ಕಂಡುಕೊಂಡ ಉತ್ತರ ಅದಾಗಿತ್ತು. ಹದಿಮೂರು ವರ್ಷಗಳ ತರುವಾಯ ಇರ್ವಿನ್ ಕೈಗೆತ್ತಿಕೊಂಡ ಅರಮನೆ ಬೇರೊಂದು ಭಾಷೆಯಲ್ಲಿ ಮಾತನಾಡುತ್ತದೆ. ಬೂದುಗಲ್ಲಿನ ಗೋಡೆ, ಗುಲಾಬಿ ಛಾಯೆಯ ಗುಮ್ಮಟಗಳು, 145 ಅಡಿ ಎತ್ತರದ ಗೋಪುರ, ಹಿಂದೂ, ಇಸ್ಲಾಮಿ, ರಜಪೂತ, ಗಾಥಿಕ್ ಅಂಶಗಳ ಬೆಸುಗೆ ಅಲ್ಲಿವೆ. ದೊಡ್ಡ ಗಡಿಯಾರ ಈ ಎರಡನೆಯ ಭಾಷೆಯನ್ನೇ ಅನುಸರಿಸಿದೆ. ಕಮಾನು, ಛಜ್ಜ, ಶಿರದ ಮೇಲೆ ಗುಮ್ಮಟ ಅದರ ಲಕ್ಷಣಗಳು. ಆದರೆ ಅದರ ಮುಖಫಲಕದಲ್ಲಿ ಬರೆದಿರುವುದು ಕನ್ನಡದ ಅಂಕಿಗಳು. ರೋಮನ್ ಅಂಕಿಗಳೇ ಗಡಿಯಾರಗಳ ರೂಢಿಯಾಗಿದ್ದ ಕಾಲದಲ್ಲಿ, ಅರಮನೆಯ ಪಕ್ಕದ ಸಾರ್ವಜನಿಕ ಗಡಿಯಾರ ಪೇಟೆಯ ಜನಕ್ಕೆ ಅವರದೇ ಅಂಕಿಗಳಲ್ಲಿ ಹೊತ್ತು ಹೇಳಿದ್ದು ಸಣ್ಣ ಸಂಗತಿಯಲ್ಲ.

ಹೆಸರುಗಳ ವಿಚಾರವೂ ಇಲ್ಲಿ ಪ್ರಸ್ತುತವಾಗುತ್ತದೆ. ಡಫರಿನ್ ಗೋಪುರ ಜನರ ಬಾಯಲ್ಲಿ ‘ಚಿಕ್ಕ ಗಡಿಯಾರ’ವಾಯಿತು. ರಜತ ಮಹೋತ್ಸವದ ಗೋಪುರ ‘ದೊಡ್ಡ ಗಡಿಯಾರ’ವಾಯಿತು. ವೈಸ್‌ರಾಯನ ನೆನಪಿಗೂ ಮಹಾರಾಜರ ನೆನಪಿಗೂ ಒಂದೇ ಅಳತೆಗೋಲನ್ನು ಹಿಡಿದು, ಎತ್ತರವನ್ನಷ್ಟೇ ಲೆಕ್ಕಕ್ಕೆ ತೆಗೆದುಕೊಂಡ ಪೇಟೆಯ ವ್ಯವಹಾರ ಬುದ್ಧಿ ಈ ನಾಮಕರಣದ ಹಿಂದಿದೆ. ಅಧಿಕೃತ ಫಲಕಗಳು ಹೇಳುವ ಚರಿತ್ರೆಯ ಜೊತೆಯಲ್ಲಿಯೇ ಜನರ ನುಡಿ ಬರೆದಿಟ್ಟ ಮತ್ತೊಂದು ಚರಿತ್ರೆಯೂ ಇದೆಯೆಂಬುದನ್ನು ಸಂಶೋಧಕರು ಮರೆಯುವಂತಿಲ್ಲ.

3. ಎರಡು ವ್ಯಾಖ್ಯಾನಗಳು

ಈ ಚೌಕವನ್ನು ಕುರಿತ ಚರ್ಚೆಗಳಲ್ಲಿ ಸಾಮಾನ್ಯವಾಗಿ ಎರಡು ನಿಲುವುಗಳು ಕಂಡುಬರುತ್ತವೆ. ವೃತ್ತಗಳು, ಪ್ರತಿಮೆಗಳು, ನೇರವಾದ ಅಗಲ ರಸ್ತೆಗಳು ಮತ್ತು ಗಡಿಯಾರ ಗೋಪುರಗಳು ಯುರೋಪಿನ ನಗರಗಳಿಂದ ಎರವಲು ಪಡೆದವು, ಮೈಸೂರು ಒಂದು ಅನುಕರಣೆಯ ನಗರ ಎಂಬುದು ಒಂದು ನಿಲುವು. ಚೌಕ ಮತ್ತು ರಾಜಬೀದಿ ವಿಜಯನಗರದ ಮಹಾನವಮಿ ಪರಂಪರೆಯ ನೇರ ಮುಂದುವರಿಕೆ, 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣದಲ್ಲಿ ಆರಂಭಿಸಿದ ನವರಾತ್ರಿ ಉತ್ಸವದ ಪ್ರಾದೇಶಿಕ ರೂಪ ಎಂಬುದು ಮತ್ತೊಂದು. ಎರಡಕ್ಕೂ ಆಧಾರಗಳಿಲ್ಲದಿಲ್ಲ. ಆದರೆ ಎರಡೂ ಅಪೂರ್ಣವೆನ್ನಬೇಕಾಗುತ್ತದೆ.

ಅನುಕರಣೆಯ ವಾದವನ್ನು ಮೊದಲು ಪರಿಶೀಲಿಸಬಹುದು. ಯುರೋಪಿನ ಬರೋಕ್ ನಗರ ಯೋಜನೆಯ ಮೂಲತತ್ತ್ವ ನೇರ ಅಕ್ಷರೇಖೆ. ಉದ್ದನೆಯ ರಸ್ತೆಯ ತುದಿಯಲ್ಲಿ ಅಧಿಕಾರದ ಪೀಠ ಕಾಣಬೇಕು, ನಡೆದುಬರುವವನು ದೂರದಿಂದಲೇ ಅದಕ್ಕೆ ತಲೆಬಾಗಬೇಕು. 1911ರಲ್ಲಿ ಘೋಷಿತವಾಗಿ 1931ರಲ್ಲಿ ಉದ್ಘಾಟನೆಗೊಂಡ ಹೊಸ ದೆಹಲಿಯಲ್ಲಿ ಈ ತತ್ತ್ವ ಚಾಚೂ ತಪ್ಪದೆ ಪಾಲನೆಯಾಗಿದೆ. ಮೈಸೂರಿನಲ್ಲಿ ಅದು ಪಾಲನೆಯಾಗಿಲ್ಲ. ಸಯ್ಯಾಜಿ ರಾವ್ ರಸ್ತೆಯಲ್ಲಿ ಉತ್ತರದಿಂದ ಬರುವವನಿಗೆ ಎದುರಾಗುವುದು ಕೃಷ್ಣರಾಜ ವೃತ್ತದ ಮಂಟಪವೇ ಹೊರತು ಅರಮನೆಯಲ್ಲ. ಅರಮನೆಯ ಬಾಗಿಲು ಮುಟ್ಟಲು ಅಲ್ಲಿಂದ ಪೂರ್ವಕ್ಕೆ ಹೊರಳಬೇಕು, ಚಾಮರಾಜ ವೃತ್ತದಲ್ಲಿ ಮತ್ತೆ ದಕ್ಷಿಣಕ್ಕೆ ಹೊರಳಬೇಕು. ಅರಮನೆ ಒಂದೇ ನೋಟಕ್ಕೆ ದಕ್ಕುವುದಿಲ್ಲ, ಎರಡು ತಿರುವುಗಳ ಅನಂತರ ದಕ್ಕುತ್ತದೆ. ಮೆರವಣಿಗೆಯೂ ಇದೇ ಹಾದಿಯನ್ನು ಹಿಮ್ಮುಖವಾಗಿ ಕ್ರಮಿಸಿ, ಸುಮಾರು 5 ಕಿಲೋಮೀಟರು ಸಾಗಿ ಬನ್ನಿಮಂಟಪವನ್ನು ಸೇರುತ್ತದೆ. ಆನೆ ನೇರವಾಗಿ ಹೋಗದೆ ಹೊರಳಿ ಹೋಗುವುದರಿಂದ ಪ್ರತಿಯೊಂದು ತಿರುವಿನಲ್ಲಿಯೂ ಜನಸ್ತೋಮಕ್ಕೆ ಹೊಸ ದರ್ಶನವಾಗುತ್ತದೆ. ದೇವರ ಉತ್ಸವಮೂರ್ತಿ ರಥಬೀದಿಯ ಮೂಲೆಗಳಲ್ಲಿ ತಿರುಗುವಾಗ ದೊರೆಯುವ ದರ್ಶನಕ್ಕೂ ಇದಕ್ಕೂ ಇರುವ ಹೋಲಿಕೆಯನ್ನು ಅಲ್ಲಗಳೆಯಲಾಗದು.

ವೃತ್ತಗಳ ನಡುವಿನ ಪ್ರತಿಮೆಗಳ ವಿಷಯದಲ್ಲಿಯೂ ಎರವಲು ತಂದ ರೂಪ ಸ್ಥಳೀಯವಾದ ಅರ್ಥವನ್ನು ಪಡೆದಿದೆ. ಯುರೋಪಿನ ಚೌಕಗಳಲ್ಲಿ ದೊರೆಯ ಪ್ರತಿಮೆ ಸಾಮಾನ್ಯವಾಗಿ ತೆರೆದ ಆಕಾಶದ ಕೆಳಗೆ ನಿಲ್ಲುತ್ತದೆ. ಇಲ್ಲಿ ಚಾಮರಾಜೇಂದ್ರ ಒಡೆಯರೂ ನಾಲ್ವಡಿಯವರೂ ಕಂಬ, ಕಮಾನು, ಹೊಂಬಣ್ಣದ ಗುಮ್ಮಟಗಳುಳ್ಳ ಮಂಟಪದೊಳಗೆ ನಿಂತಿದ್ದಾರೆ. ಅಮೃತಶಿಲೆಯ ವಾಸ್ತವಿಕ ಶೈಲಿ ಪಶ್ಚಿಮದ್ದು, ಆದರೆ ಅದಕ್ಕೊಂದು ಸೂರು ಕೊಟ್ಟು ಗರ್ಭಗುಡಿಯ ಸನ್ನಿವೇಶವನ್ನು ಕಲ್ಪಿಸಿರುವುದು ಈ ನೆಲದ ರೂಢಿ. ಎಡಬದಿಯ ಸಂಚಾರ ನಿಯಮದಿಂದಾಗಿ ವಾಹನಗಳು ವೃತ್ತವನ್ನು ಬಲಕ್ಕಿಟ್ಟುಕೊಂಡೇ ಸುತ್ತಬೇಕಾಗುತ್ತದೆ. ಉದ್ದೇಶವಿಲ್ಲದೆಯೇ ಸಂಚಾರ ಪ್ರದಕ್ಷಿಣೆಯಾಗಿ ಬಿಡುತ್ತದೆ.

ಹಾಗೆಂದು ಎರಡನೆಯ ವಾದವನ್ನು ಪೂರ್ತಿಯಾಗಿ ಒಪ್ಪಲಾಗದು. ಪರಂಪರೆಯ ಮುಂದುವರಿಕೆಯೆಂಬ ವಿವರಣೆ ಚೌಕದ ಅರ್ಧ ಭಾಗವನ್ನು ಮಾತ್ರ ಕಾಣುತ್ತದೆ. ಪ್ರಜಾಪ್ರತಿನಿಧಿ ಸಭೆ ವರ್ಷವರ್ಷವೂ ದಸರೆಯ ಸಮಯದಲ್ಲಿಯೇ ಸೇರುತ್ತಿತ್ತೆಂಬ ಸಂಗತಿ ಆ ವಿವರಣೆಯಲ್ಲಿ ಜಾಗ ಪಡೆಯುವುದಿಲ್ಲ. 1881ರ ಮೊದಲ ಸಭೆಯಲ್ಲಿ 144 ಮಂದಿ ಸದಸ್ಯರಿದ್ದರು. ಅವರಿಗೆ ಆಗ ಶಾಸನ ಮಾಡುವ ಅಧಿಕಾರವಿರಲಿಲ್ಲ. ದಿವಾನರ ವರದಿಯನ್ನು ಆಲಿಸಿ, ತಮ್ಮ ಸೀಮೆಗಳ ಅಹವಾಲುಗಳನ್ನು ಮುಂದಿಡುವುದಷ್ಟೇ ಅವರ ಕೆಲಸ. ಆದರೂ ತಾಲ್ಲೂಕುಗಳಿಂದ ಬಂದ ರೈತರು ಮತ್ತು ವರ್ತಕರು ಉತ್ಸವದ ಪ್ರೇಕ್ಷಕರಾಗಿ ಮಾತ್ರವಲ್ಲದೆ ಅಹವಾಲು ಹೊತ್ತ ಪ್ರತಿನಿಧಿಗಳಾಗಿಯೂ ಈ ಚೌಕವನ್ನು ತುಳಿದರು. ಮಹಾನವಮಿಯ ದಿಬ್ಬದ ಮುಂದೆ ಸಾಮಂತರು ಕಪ್ಪವನ್ನೊಪ್ಪಿಸುತ್ತಿದ್ದರೆ, ಮೈಸೂರಿನ ದಸರೆಗೆ ಬಂದವರು ಪ್ರಶ್ನೆಗಳನ್ನು ತಂದರು. ಅದೇ ಹಬ್ಬ, ಅದೇ ಜನಸಂದಣಿ, ಆದರೆ ಸೇರುವಿಕೆಯ ಅರ್ಥ ಬದಲಾಗಿತ್ತು.

ಈ ಬದಲಾವಣೆಯ ತಾರ್ಕಿಕ ಕೊನೆಯನ್ನು ನಗರದ ಮತ್ತೊಂದು ವೃತ್ತ ಸೂಚಿಸುತ್ತದೆ. 1947ರ ಸೆಪ್ಟೆಂಬರಿನಲ್ಲಿ ಜವಾಬ್ದಾರಿ ಸರ್ಕಾರಕ್ಕಾಗಿ ನಡೆದ ಮೈಸೂರು ಚಲೋ ಚಳವಳಿಯಲ್ಲಿ ಗುಂಡೇಟಿಗೆ ಬಲಿಯಾದ ವಿದ್ಯಾರ್ಥಿ ರಾಮಸ್ವಾಮಿಯ ಹೆಸರು ಅರಮನೆಯಿಂದ ಹೆಚ್ಚು ದೂರವಿಲ್ಲದ ವೃತ್ತವೊಂದಕ್ಕೆ ಉಳಿದುಕೊಂಡಿದೆ. ಮರುತಿಂಗಳೇ ಕೆ.ಸಿ. ರೆಡ್ಡಿಯವರ ಮಂತ್ರಿಮಂಡಲ ಅಧಿಕಾರ ವಹಿಸಿಕೊಂಡಿತು. ಅರಸರ, ವೈಸ್‌ರಾಯರ, ದಿವಾನರ ಹೆಸರುಗಳ ನಡುವೆ ಒಬ್ಬ ವಿದ್ಯಾರ್ಥಿಯ ಹೆಸರು ಸೇರಿಕೊಂಡಾಗ ಮೈಸೂರಿನ ವೃತ್ತಗಳ ಚರಿತ್ರೆ ಅರಸೊತ್ತಿಗೆಯ ಚರಿತ್ರೆಯಾಗಿ ಮಾತ್ರ ಉಳಿಯುವುದಿಲ್ಲ.

4. ಅಂಚಿನ ವಾಸ್ತು

ಮೇಲಿನ ಎರಡು ವ್ಯಾಖ್ಯಾನಗಳಲ್ಲಿಯೂ ಇರುವ ಸಮಾನ ದೋಷವೆಂದರೆ ಅವು ಚೌಕವನ್ನು ಅರಮನೆಯ ಕಡೆಯಿಂದ ನೋಡುತ್ತವೆ. ಪೇಟೆಯ ಕಡೆಯಿಂದ ನೋಡಿದಾಗ ಕಾಣುವ ವಾಸ್ತುವೇ ಬೇರೆ. ಅಲ್ಲಿ ಗುಮ್ಮಟಗಳಿಲ್ಲ. ಉದ್ದುದ್ದನೆಯ ಅಂಗಡಿ ಸಾಲುಗಳು, ಅವುಗಳ ಮುಂದೆ ಕಂಬಗಳ ಮೇಲೆ ನಿಂತ ಕೈಸಾಲೆ, ಮೇಲಂತಸ್ತಿನ ಕಿಟಕಿಗಳ ಒಂದೇ ಸಮನಾದ ಲಯ ಅಲ್ಲಿವೆ. ಸಯ್ಯಾಜಿ ರಾವ್ ರಸ್ತೆಯ ಅಕ್ಕಪಕ್ಕದ ಮಳಿಗೆಗಳು, ಲ್ಯಾನ್ಸ್‌ಡೌನ್ ಕಟ್ಟಡ, ಚಿಕ್ಕ ಗಡಿಯಾರದಿಂದ ಧನ್ವಂತರಿ ರಸ್ತೆಯವರೆಗೆ ಹಬ್ಬಿದ ದೇವರಾಜ ಮಾರುಕಟ್ಟೆ ಈ ವರ್ಗಕ್ಕೆ ಸೇರುತ್ತವೆ. ಪ್ರತ್ಯೇಕವಾಗಿ ನೋಡಿದರೆ ಇವುಗಳಲ್ಲಿ ಯಾವುದೂ ಮಹಾನ್ ಕೃತಿಯಲ್ಲ. ಇವುಗಳ ಗುಣವಿರುವುದು ಸಾಲಿನಲ್ಲಿ. ಎತ್ತರದಲ್ಲಿ ಹೆಚ್ಚುಕಡಿಮೆಯಾಗದಂತೆ, ಒಂದರ ಮೇಲೊಂದು ಮೆರೆಯದಂತೆ ನಿಂತು, ನಡುವಿನ ಬಯಲಿಗೆ ಗೋಡೆಯಾಗಿ ಒದಗಿಬರುವುದೇ ಇವುಗಳ ವಾಸ್ತುಧರ್ಮ.

ಕೈಸಾಲೆಯ ಪಾತ್ರವನ್ನು ವಿಶೇಷವಾಗಿ ಗಮನಿಸಬೇಕು. ಅದು ರಸ್ತೆಯೂ ಅಲ್ಲ, ಅಂಗಡಿಯೂ ಅಲ್ಲ. ಬಿಸಿಲು ಮಳೆಗಳಲ್ಲಿ ದಾರಿಹೋಕನಿಗೆ ಆಸರೆ, ವ್ಯಾಪಾರಿಗೆ ಸರಕು ಹರವುವ ತಾಣ, ದಸರೆಯ ದಿನ ನೋಟಕರಿಗೆ ಆಸನ. ಕನ್ನಡ ನಾಡಿನ ಮನೆಗಳ ಜಗಲಿಗೆ ಇರುವ ಇಬ್ಬಗೆಯ ಸ್ವಭಾವವೇ ಇದಕ್ಕೂ ಇದೆ. ಮನೆಯವರದಾಗಿದ್ದೂ ಜಗಲಿ ಬೀದಿಯವರಿಗೆ ನಿಷಿದ್ಧವಲ್ಲ. ಅರಸೊತ್ತಿಗೆಯ ಕಾಲದಲ್ಲಿ ಅಂಬಾರಿಯಲ್ಲಿ ಮಹಾರಾಜರು ಹೊರಟಾಗ ಅರಮನೆಯ ಆವರಣದಲ್ಲಿ ಆಸನ ದೊರೆಯುತ್ತಿದ್ದುದು ಆಹ್ವಾನಿತರಿಗೆ ಮಾತ್ರ. ಆಹ್ವಾನವಿಲ್ಲದ ಸಾವಿರಾರು ಮಂದಿಗೆ ಪೇಟೆಯ ಜಗಲಿಯೇ ದರ್ಬಾರು ಹಾಲಾಗಿತ್ತು. ಅರಸರ ಸವಾರಿ ನಿಂತು ಅಂಬಾರಿಯಲ್ಲಿ ಚಾಮುಂಡೇಶ್ವರಿಯ ಮೂರ್ತಿ ಬಿಜಯಂಗೈಯತೊಡಗಿದ ಮೇಲೂ ಈ ಏರ್ಪಾಡು ಬದಲಾಗಲಿಲ್ಲ. ಸುಮಾರು 750 ಕಿಲೋಗ್ರಾಂ ತೂಕದ ಅಂಬಾರಿ ಹೊತ್ತ ಆನೆಯನ್ನು ಅರಮನೆ ಬೀಳ್ಕೊಡುತ್ತದೆ, ಪೇಟೆ ಬರಮಾಡಿಕೊಳ್ಳುತ್ತದೆ. ಈ ಕೊಡುಕೊಳ್ಳುವಿಕೆ ನಡೆಯುವ ಹೊಸ್ತಿಲೇ ಚೌಕ. ಹೊಸ್ತಿಲಿಗೆ ಎರಡು ಬದಿಗಳಿರುವುದು ಅನಿವಾರ್ಯ. ಒಂದು ಬದಿ ಕುಸಿದರೆ ಇನ್ನೊಂದು ಬದಿ ಎಷ್ಟೇ ಭವ್ಯವಾಗಿದ್ದರೂ ಅದು ಹೊಸ್ತಿಲಾಗಿ ಉಳಿಯದು.

5. ಕುಸಿತದ ಪಾಠ

ದುರ್ದೈವದಿಂದ ಕುಸಿತವೆಂಬುದು ಇಲ್ಲಿ ರೂಪಕವಾಗಿ ಉಳಿದಿಲ್ಲ. 2012ರ ಆಗಸ್ಟ್ ತಿಂಗಳಲ್ಲಿ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ನಾಲ್ವರು ಪ್ರಾಣ ಕಳೆದುಕೊಂಡರು. ಹಳೆಯ ಪುಸ್ತಕಗಳ ಅಂಗಡಿಗಳಿಗೆ ಹೆಸರಾಗಿದ್ದ, ಹಲವು ತಲೆಮಾರುಗಳ ವಿದ್ಯಾರ್ಥಿಗಳು ಅಗ್ಗದ ಬೆಲೆಗೆ ಪಠ್ಯಗಳನ್ನು ಅರಸಿ ಬರುತ್ತಿದ್ದ ಆ ಸಾಲು ಬರಿದಾಯಿತು. 2016ರ ಆಗಸ್ಟ್‌ನಲ್ಲಿ ದೇವರಾಜ ಮಾರುಕಟ್ಟೆಯ ಉತ್ತರ ದ್ವಾರದ ಭಾಗ ನೆಲಕ್ಕುರುಳಿತು. ಕೆಡವಿ ಹೊಸದಾಗಿ ಕಟ್ಟಬೇಕೆಂಬ ವಾದಕ್ಕೂ, ದುರಸ್ತಿಗೊಳಿಸಿ ಉಳಿಸಬೇಕೆಂಬ ವಾದಕ್ಕೂ ತಜ್ಞರಲ್ಲಿಯೇ ಸಮರ್ಥಕರು ದೊರೆತರು. ವಿವಾದ ನ್ಯಾಯಾಲಯದ ಮೆಟ್ಟಿಲನ್ನೂ ಏರಿತು.

ಈ ಕಟ್ಟಡಗಳು ದುರ್ಬಲಗೊಂಡ ಬಗೆಯನ್ನು ತಿಳಿಯಲು ಅವುಗಳ ನಿರ್ಮಾಣ ವಿಧಾನದತ್ತ ಗಮನ ಹರಿಸಬೇಕು. ಇಟ್ಟಿಗೆ, ಸುಣ್ಣದ ಗಾರೆ, ಮರದ ತೊಲೆಗಳು ಮತ್ತು ಅವುಗಳ ಮೇಲಿನ ಗಾರೆಯ ತಾರಸಿ ಆ ಕಾಲದ ಸಾಮಾನ್ಯ ಕ್ರಮ. ಸುಣ್ಣದ ಗೋಡೆ ತೇವವನ್ನು ಹೀರಿ ಮತ್ತೆ ಹೊರಬಿಡುತ್ತದೆ. ಅದರ ಮೇಲೆ ಸಿಮೆಂಟಿನ ಲೇಪ ಬಿದ್ದಾಗ ಒಳಗಿನ ತೇವಕ್ಕೆ ಹೊರದಾರಿ ಕಟ್ಟಿಹೋಗುತ್ತದೆ. ತಾರಸಿಯ ಬಿರುಕಿನಿಂದ ಇಳಿದ ಮಳೆನೀರು ಗೋಡೆಯೊಳಗೆ ಹುದುಗಿದ ತೊಲೆಯ ತುದಿಯನ್ನು ಕೊಳೆಯಿಸುತ್ತದೆ. ಹೊರಗಿನಿಂದ ನೋಡುವವರಿಗೆ ತೊಲೆ ಗಟ್ಟಿಯಾಗಿಯೇ ತೋರುತ್ತದೆ, ಭಾರ ಹೊರುವ ಗೋಡೆಯೊಳಗಿನ ಗೇಣುದ್ದದಲ್ಲಿ ಮಾತ್ರ ಅದು ಟೊಳ್ಳಾಗಿರುತ್ತದೆ. ಇಂತಹ ಕಟ್ಟಡಕ್ಕೆ ಬೇಕಾದುದು ವರ್ಷವರ್ಷದ ಸಣ್ಣ ಆರೈಕೆ. ಅರಮನೆಗೆ ಅದನ್ನು ನೋಡಿಕೊಳ್ಳುವ ಆಡಳಿತವಿದೆ, ಪ್ರವೇಶ ಶುಲ್ಕದ ಆದಾಯವಿದೆ. ಬಾಡಿಗೆದಾರರಿಂದ ತುಂಬಿದ ಮಾರುಕಟ್ಟೆಗೆ ಅಂತಹ ಆಸರೆಯಿಲ್ಲ. ಕಡಿಮೆ ಬಾಡಿಗೆ ಕೊಡುವ ವ್ಯಾಪಾರಿ ತಾರಸಿಯನ್ನು ತನ್ನದೆಂದು ಭಾವಿಸುವುದಿಲ್ಲ. ಕಡಿಮೆ ಬಾಡಿಗೆ ಪಡೆಯುವ ಒಡೆತನಕ್ಕೆ ದುರಸ್ತಿ ಲಾಭದಾಯಕವಾಗಿ ಕಾಣುವುದಿಲ್ಲ. ತೊಲೆಯ ತುದಿ ಕೊಳೆಯುವುದು ಈ ಎರಡರ ನಡುವಿನ ಸಂದಿಯಲ್ಲಿಯೇ.

ಆದುದರಿಂದ ಸಮಸ್ಯೆ ಬರಿಯ ತಾಂತ್ರಿಕವಾದುದಲ್ಲ, ಮೌಲ್ಯನಿರ್ಣಯಕ್ಕೂ ಸಂಬಂಧಿಸಿದ್ದು. ಚೌಕವನ್ನು ಅರಮನೆಯ ಮುನ್ನೆಲೆಯೆಂದು ಪರಿಭಾವಿಸಿದಾಗ ಗುಮ್ಮಟ, ಪ್ರತಿಮೆ, ದೀಪಾಲಂಕಾರಗಳು ಪಾರಂಪರಿಕ ಸಂಪತ್ತೆನಿಸುತ್ತವೆ. ಮಾರುಕಟ್ಟೆ ‘ಹಳೆಯ ಕಟ್ಟಡ’ ಮಾತ್ರವೆನಿಸುತ್ತದೆ. ಅರಮನೆ ಬೆಂಕಿಗೆ ತುತ್ತಾದಾಗ ಹದಿನೈದು ವರ್ಷ ದುಡಿದು ಮತ್ತೆ ಕಟ್ಟಿದ ನಗರ, ಮಾರುಕಟ್ಟೆ ಮುರಿದಾಗ ಅದೇ ನಿಷ್ಠೆಯನ್ನು ತೋರಬೇಕೆ ಎಂಬ ಪ್ರಶ್ನೆಗೆ ಉತ್ತರ ಈ ಮೌಲ್ಯನಿರ್ಣಯವನ್ನು ಅವಲಂಬಿಸಿದೆ. ಹೊಸದಾಗಿ ಕಟ್ಟುವುದೇ ಅನಿವಾರ್ಯವೆಂದು ತೀರ್ಮಾನವಾದ ಕಡೆಯಲ್ಲಿಯೂ ಉಳಿಯಬೇಕಾದುದು ಯಾವುದೆಂಬುದನ್ನು ಖಚಿತಪಡಿಸಿಕೊಳ್ಳುವುದು ಅಗತ್ಯ. ಮುಖಭಾಗದ ಕಮಾನನ್ನಷ್ಟೇ ಅಚ್ಚೊತ್ತಿ ಹಿಂದೆ ಬಹುಮಹಡಿ ಸಂಕೀರ್ಣವನ್ನು ನಿಲ್ಲಿಸಿದರೆ ಅದು ಸಂರಕ್ಷಣೆಯಾಗದು. ಸಾಲಿನ ಎತ್ತರ, ಕೈಸಾಲೆಯ ಅವಿಚ್ಛಿನ್ನತೆ, ಅಂಗಡಿಯ ಕಿರಿದಾದ ಅಳತೆ ಮತ್ತು ಆ ಅಳತೆಯಿಂದಾಗಿ ಅಲ್ಲಿ ಬದುಕು ಸಾಗಿಸಲು ಸಾಧ್ಯವಾಗಿರುವ ಹೂವಿನವರು, ವೀಳ್ಯದೆಲೆಯವರು, ಕುಂಕುಮದವರು ಉಳಿದಾಗ ಮಾತ್ರ ಚೌಕದ ಪೇಟೆಯ ಬದಿ ಉಳಿದಂತೆ. ಇದಕ್ಕೆ ವಿರುದ್ಧವಾಗಿ, ಜೀವಾಪಾಯವಿರುವ ಗೋಡೆಯನ್ನು ಹಳೆಯದೆಂಬ ಒಂದೇ ಕಾರಣಕ್ಕೆ ಮುಟ್ಟಕೂಡದೆನ್ನುವ ನಿಲುವೂ ಸಮರ್ಥನೀಯವಲ್ಲ. 2012ರ ನಾಲ್ಕು ಸಾವುಗಳು ಆ ನಿಲುವಿಗೆ ಸಾಕಷ್ಟು ಕಠಿಣವಾದ ಉತ್ತರವನ್ನಿತ್ತಿವೆ.

6. ಸಮಾರೋಪ

ಮೈಸೂರಿನ ಅರಮನೆ ಚೌಕ ಯುರೋಪಿನ ಅನುಕರಣೆಯೂ ಅಲ್ಲ, ವಿಜಯನಗರದ ಪಡಿಯಚ್ಚೂ ಅಲ್ಲ. ಕೋಟೆಯ ಕಂದಕದ ಅಂಚಿನಲ್ಲಿ, ನೀರು ಹರಿಯದ ನಾಲೆಯ ಮೇಲೆ, ಸುಮಾರು ಅರ್ಧ ಶತಮಾನದ ಅವಧಿಯಲ್ಲಿ ರೂಪುಗೊಂಡ ಹೊಸ್ತಿಲು ಅದು. ಅದರ ಒಂದು ಬದಿಯಲ್ಲಿ ಅರಸೊತ್ತಿಗೆ ತನ್ನ ವೈಭವವನ್ನು ಪ್ರಕಟಿಸಿತು. ಇನ್ನೊಂದು ಬದಿಯಲ್ಲಿ ಪೇಟೆ ತನ್ನ ಜಗಲಿಯನ್ನು ಹಾಸಿತು. ನಡುವೆ ಒಬ್ಬ ದಿವಾನರ ಹೆಸರಿನ ಪುರಭವನ, ಇವೆರಡಕ್ಕೂ ಸೇರದ ಮೂರನೆಯ ಸಾಧ್ಯತೆಯೊಂದನ್ನು ಸೂಚಿಸಿತು. ಚೌಕದ ಅಧ್ಯಯನವಾಗಲಿ ಸಂರಕ್ಷಣೆಯಾಗಲಿ ಈ ಮೂರನ್ನೂ ಒಟ್ಟಾಗಿ ಪರಿಗಣಿಸಿದಾಗ ಮಾತ್ರ ಅರ್ಥಪೂರ್ಣವಾಗುತ್ತದೆ.

ದೊಡ್ಡ ಗಡಿಯಾರದ ಮುಖದಲ್ಲಿ ಕನ್ನಡದ ಅಂಕಿಗಳನ್ನು ಬರೆಸಿದವರು ಹೊತ್ತು ತಿಳಿಯಬೇಕಾದವನು ಅರಮನೆಯ ಕಿಟಕಿಯಲ್ಲಿ ನಿಂತಿಲ್ಲ, ಕೆಳಗೆ ಬೀದಿಯಲ್ಲಿ ನಿಂತಿದ್ದಾನೆ ಎಂಬುದನ್ನು ಅರಿತಿದ್ದರು. ಚೌಕದ ಭವಿಷ್ಯವನ್ನು ನಿರ್ಧರಿಸುವವರಿಗೂ ಆ ಅರಿವು ಅಷ್ಟೇ ಅಗತ್ಯ.